ಅಶ್ವಗಂಧ: ಒಂದೇ ಹೊಲ, ನಾಲ್ಕು ತಳಿ

ಬೇಲಿಯಲ್ಲಿ ಪುಕ್ಕಟೆ ಬೆಳೆಯುವ ಹಿರೇಮದ್ದಿಗೆ (ಅಶ್ವಗಂಧಕ್ಕೆ) ದುಡ್ಡು ಕೊಟ್ಟು ಬೀಜ ತರ್ತಾನಲ್ಲ ಎಂದು ಅಕ್ಕಪಕ್ಕದ ಹೊಲದವರು ಆಡಿಕೊಂಡಿದ್ದರು. ಈ ಸಲ ಬೇರು ತೂಕಕ್ಕೆ ಹಾಕಿದ ಮೇಲೆ ಅವರೇ ಬೀಜ ಕೇಳಿಕೊಂಡು ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೆ ಎರಡು ಸಲ ಕೈ ಸುಟ್ಟಿತ್ತು. ಮೊದಲ ಸಲ ಒಬ್ಬ ವ್ಯಾಪಾರಿ ಕೊಟ್ಟ ಬೀಜ ಬರೀ ಬೆರಕೆ, ಅರ್ಧ ಮೊಳೆಯಲೇ ಇಲ್ಲ. ಎಂಟು ಸಾವಿರದಷ್ಟು ಹೋಯಿತು. ಇನ್ನೊಂದು ಸಲ ಹಸ್ತ ಮಳೆ ಬಿಡದೆ ಹೊಡೆದು ನೀರು ನಿಂತು ಎಳೆ ಸಸಿಗಳೆಲ್ಲ ಕೊಳೆತವು. ಈ ಬೆಳೆಗೆ ಬರ ಪರವಾಗಿಲ್ಲ, ನಿಂತ ನೀರು ಮಾತ್ರ ಆಗುವುದಿಲ್ಲ.

ಹಾಗಾಗಿ ಈ ಸಲ ಇಳಿಜಾರಿನ ಕೆಂಪು ಮಣ್ಣಿನಲ್ಲಿ ನಾಗೋರಿ, ಜವಾಹರ್ 20, ಪೋಷಿತಾ ಎಂಬ ತಳಿಗಳು, ಜೊತೆಗೆ ಬೇಲಿಯ ನಾಟಿ, ಎಲ್ಲವನ್ನೂ ಐದೈದು ಗುಂಟೆ ಹಾಕಿದೆ. ಹುಬ್ಬೆ ಮಳೆಯ ಹದಕ್ಕೆ, ಬೀಜಕ್ಕೆ ಮರಳು ಬೆರೆಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ ಬಿತ್ತನೆ. ಹಿಂದಿನ ರಾತ್ರಿ ಬೀಜಕ್ಕೆ ನಾನು ಮಾಡುವ ಉಪಚಾರ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನಾಟಿ ಸೊಂಪಾಗಿ, ಪೊದೆಯಾಗಿ ಎದ್ದಿತು. ನೋಡಿದವರೆಲ್ಲ ಅದನ್ನೇ ಹೊಗಳಿದರು. ಜವಾಹರ್ ನೆಟ್ಟಗೆ, ಕವಲು ಕಡಿಮೆ, ಒತ್ತಾಗಿ ಬಿಟ್ಟರೂ ಸಹಿಸುತ್ತದೆ. ನಾಗೋರಿ ಗಿಡ್ಡ. ನನ್ನ ಹೊಲದಲ್ಲಿ ಮೊದಲು ಹೂ ಕಂಡದ್ದು ಅದೇ, ಎರಡು ತಿಂಗಳು ದಾಟುತ್ತಲೇ. ಎಲೆಯ ಬುಡದಲ್ಲಿ ಹಸಿರು ಬೆರೆತ ಹಳದಿ ಹೂ, ಬಗ್ಗಿ ನೋಡಿದರಷ್ಟೇ ಕಾಣುತ್ತದೆ. ಜವಾಹರ್ ಇನ್ನೂ ಎರಡು ವಾರ ತಡ ಮಾಡಿತು, ಪೋಷಿತಾ ನಡುವೆ.

ಸುಮ್ನೆ ನೋಡೋಣ ಅಂತ ಒಂದು ಸಾಲಿನ ಹೂ ಚಿವುಟಿದೆ. ಬೇರು ಸ್ವಲ್ಪ ದಪ್ಪ ಬಂತು, ಆದರೆ ಕೂಲಿಗೆ ಗಿಟ್ಟುವುದಿಲ್ಲ. ಇನ್ನೊಂದು ಸಾಲಿಗೆ ಕುರಿಗೊಬ್ಬರ ಜಾಸ್ತಿ ಹಾಕಿದ್ದೆ. ಬರೀ ಎಲೆ ಬಂತು, ಬೇರು ಕವಲೊಡೆಯಿತು.

ಕೆಳಗಿನ ಎಲೆ ಒಣಗಿ, ಕಾಗದದಂಥ ಹೊದಿಕೆಯೊಳಗೆ ಹಣ್ಣು ಕೆಂಪಾದ ಮೇಲೆ ಕಿತ್ತೆವು. ಒಣಗಿದ ಬೇರು ನಾಟಿಯದು 28 ಕೆಜಿ ಹತ್ತಿರ, ಪೋಷಿತಾ 26, ಜವಾಹರ್ 24, ನಾಗೋರಿ 17 ಇದ್ದಿರಬೇಕು. ನಾಟಿಯನ್ನು ಹೊಗಳಿದವರು ಗೆದ್ದೆವು ಅಂದುಕೊಂಡರು. ವ್ಯಾಪಾರಿ ಒಂದೊಂದೇ ಬೇರು ಮುರಿದು ನೋಡಿದ. ನಾಗೋರಿ ಪಟ್ಟನೆ ಮುರಿಯಿತು, ಒಳಗೆ ಹಿಟ್ಟಿನ ಬಿಳುಪು. ನಾಟಿ ಮುರಿಯಲೇ ಇಲ್ಲ, ನಾರು ನಾರಾಗಿ ಬಾಗಿತು. ಅದಕ್ಕೆ ಕೆಜಿಗೆ 80 ರೂಪಾಯಿ, ನಾಗೋರಿಗೆ 300. ಜವಾಹರ್, ಪೋಷಿತಾ ಎರಡಕ್ಕೂ 250ರ ಆಸುಪಾಸು. ಲೆಕ್ಕ ಹಾಕಿ: ನಾಟಿಯಿಂದ ಎರಡು ಸಾವಿರದ ಚಿಲ್ಲರೆ, ನಾಗೋರಿಯಿಂದ ಐದು ಸಾವಿರದ ಚಿಲ್ಲರೆ, ಪೋಷಿತಾ, ಜವಾಹರ್‌ನಿಂದ ಆರಾರು ಸಾವಿರ.

ಪೋಷಿತಾ ಒಂದು ಕೈ ಮೇಲೆ ಬಂದರೂ ನನ್ನ ಆಯ್ಕೆ ಜವಾಹರ್. ಬೇರು ನೇರ ಇಳಿದಿತ್ತು, ಕೀಳುವ ಕೂಲಿ ಉಳಿಯಿತು, ಇನ್ನೂ ಒತ್ತಾಗಿ ಬಿತ್ತಬಹುದು. ಮುಂದಿನ ಮಳೆಗೆ ಮುಕ್ಕಾಲು ಎಕರೆ ಅದೇ. ಉಳಿದ ಕಾಲು ಎಕರೆ ನಾಗೋರಿ, ದಪ್ಪ ಬೇರಿಗೆ ವ್ಯಾಪಾರಿ ಈಗಲೇ ಮುಂಗಡ ಕೊಡುತ್ತೇನೆ ಅಂದಿದ್ದಾನೆ.