ರೂಟರ್‌ನ ಪಿಂಗ್ ಜಾಗದಲ್ಲಿ ಒಂದು ಸೆಮಿಕೋಲನ್

ನಮ್ಮ ಮನೆಯ ಹಳೆಯ ರೂಟರ್ ತೆಗೆದಿಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಅಡ್ಮಿನ್ ಪುಟದಲ್ಲಿ ಪಿಂಗ್ ಮಾಡುವ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ) ಜಾಗ ಇರುತ್ತದಲ್ಲ, ಅಲ್ಲಿ ಐಪಿ ವಿಳಾಸ ಬರೆದು, ಪಕ್ಕದಲ್ಲಿ ಸೆಮಿಕೋಲನ್ ಹಾಕಿ, ‘ರೀಬೂಟ್’ ಕಮಾಂಡ್ ಸೇರಿಸಿದೆ. ದೀಪಗಳೆಲ್ಲ ಆರಿ ಮತ್ತೆ ಹತ್ತಿಕೊಂಡವು. ಎದೆ ಧಸಕ್ಕೆಂದಿತು. (ಇದನ್ನು ನಿಮ್ಮದೇ ರೂಟರ್ ಮೇಲೆ ಮಾತ್ರ ಮಾಡಿ.)

ರೂಟರ್ ಒಳಗಿರುವುದು ಸಾಮಾನ್ಯವಾಗಿ ಪುಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ನಾವು ಬರೆದದ್ದನ್ನು ಆ ಪುಟ ಪರೀಕ್ಷಿಸದೆ ಪಿಂಗ್ ಕಮಾಂಡ್‌ಗೆ ಅಂಟಿಸಿ ಶೆಲ್‌ಗೆ, ಅಂದರೆ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂಗೆ, ಕೊಡುತ್ತದೆ. ಸೆಮಿಕೋಲನ್ ಕಂಡರೆ ಶೆಲ್‌ಗೆ ಅಲ್ಲಿಗೆ ಒಂದು ಕಮಾಂಡ್ ಮುಗಿದ ಹಾಗೆ. ಮುಂದಿನದನ್ನೂ ಓಡಿಸಿಬಿಡುತ್ತದೆ, ಅದೂ ಹೆಚ್ಚಾಗಿ ರೂಟ್ ಅಧಿಕಾರದಲ್ಲಿ, ಅಂದರೆ ಏನು ಬೇಕಾದರೂ ಮಾಡಬಲ್ಲ ಪೂರ್ಣ ಅಧಿಕಾರದಲ್ಲಿ. ಇದೇ ಕಮಾಂಡ್ ಇಂಜೆಕ್ಷನ್.

ನಾನು ಲಾಗಿನ್ ಆಗಿದ್ದೆ, ನಿಜ. ಆದರೆ ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ಟಿಪಿ-ಲಿಂಕ್ ಆರ್ಚರ್ ಎಎಕ್ಸ್21 ರೂಟರ್‌ನಲ್ಲಿ ದೇಶದ ಹೆಸರು ತೆಗೆದುಕೊಳ್ಳುವ ಕಡೆ ಇಂಥದೇ ತೂತಿತ್ತು. ಲಾಗಿನ್ ಬೇಕೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಮಿರಾಯ್ ಬಾಟ್‌ನೆಟ್ (ರೂಟರ್‌ಗಳಂಥ ಸಾಧನಗಳನ್ನು ವಶಪಡಿಸಿಕೊಂಡು ದಾಳಿಗೆ ಬಳಸುವ ಮಾಲ್‌ವೇರ್ ಜಾಲ) ಅದರಲ್ಲಿ ನುಗ್ಗತೊಡಗಿತು. ಸರಿಪಡಿಸಿದ ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್), 1.1.4 ಬಿಲ್ಡ್ 20230219, ಅಷ್ಟರಲ್ಲೇ ಬಂದಿತ್ತು.

ಹಾಗಾಗಿ ಮೊದಲ ಕೆಲಸ ಫರ್ಮ್‌ವೇರ್. ರೂಟರ್ ಅಡಿಯ ಚೀಟಿಯಲ್ಲಿ ಮಾಡೆಲ್ ಜೊತೆ ಹಾರ್ಡ್‌ವೇರ್ ವರ್ಷನ್ ಕೂಡ ನೋಡಿಕೊಳ್ಳಿ. ಒಂದೇ ಮಾಡೆಲ್‌ನ ವರ್ಷನ್ 1ಕ್ಕೂ 2ಕ್ಕೂ ಫೈಲ್ ಬೇರೆ ಇರಬಹುದು. ತಯಾರಕರ ಸೈಟ್‌ನಿಂದಲೇ ಇಳಿಸಿಕೊಳ್ಳಿ. ವೈಫೈ ಬಿಟ್ಟು ಕೇಬಲ್ ಹಾಕಿ ಅಪ್‌ಡೇಟ್ ಮಾಡಿ, ಮಧ್ಯೆ ಪವರ್ ತೆಗೆಯಬೇಡಿ. ಆಟೋ ಅಪ್‌ಡೇಟ್ ಇದ್ದರೆ ಆನ್ ಮಾಡಿ.

ಆಮೇಲೆ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಹೊರಗಿನಿಂದ ಅಡ್ಮಿನ್ ಪುಟ ಕಾಣಲೇಬಾರದು. ಮನೆಯ ಸಾಧನಗಳು ತಾವಾಗಿಯೇ ರೂಟರ್‌ನಲ್ಲಿ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿಯನ್ನೂ ಬೇಡದಿದ್ದರೆ ಆಫ್ ಮಾಡಿ. ಇಷ್ಟು ಮಾಡಿ ಅಪ್‌ಡೇಟ್ ಬಿಟ್ಟರೆ ಉಪಯೋಗ ಕಡಿಮೆ. 2016ರಲ್ಲಿ ನೆಟ್‌ಗಿಯರ್ ಆರ್7000ದ ತೂತು ಎಂಥದಿತ್ತು ಗೊತ್ತಾ? ಮನೆಯೊಳಗೆ ಯಾರಾದರೂ ಕೆಟ್ಟ ವೆಬ್ ಪುಟ ತೆರೆದರೆ ಸಾಕು, ಅವರ ಬ್ರೌಸರೇ ರೂಟರ್‌ಗೆ ಕಮಾಂಡ್ ತಲುಪಿಸುತ್ತಿತ್ತು.

ಈಗಾಗಲೇ ಯಾರೋ ನುಗ್ಗಿದ್ದಾರೆ ಅನಿಸುತ್ತಿದೆಯಾ? ಮಿರಾಯ್ ಸಾಮಾನ್ಯವಾಗಿ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ರೀಬೂಟ್ ಮಾಡಿದರೆ ಹೋಗುತ್ತದೆ. ತೂತು ಹಾಗೇ ಇದ್ದರೆ ಮತ್ತೆ ಬರುತ್ತದೆ. ಅದಕ್ಕೇ ಮೊದಲು ಫರ್ಮ್‌ವೇರ್ ಫೈಲ್ ಇಳಿಸಿಟ್ಟುಕೊಳ್ಳಿ. ಇಂಟರ್ನೆಟ್ ಕೇಬಲ್ ಕಿತ್ತು, ಫ್ಯಾಕ್ಟರಿ ರೀಸೆಟ್ ಮಾಡಿ, ಫೈಲ್ ಹಾಕಿ, ಹೊಸ ಅಡ್ಮಿನ್ ಪಾಸ್‌ವರ್ಡ್ ಇಟ್ಟು, ಆಮೇಲೆ ಕೇಬಲ್ ಜೋಡಿಸಿ.

ತಯಾರಕರು ಅಪ್‌ಡೇಟ್ ನಿಲ್ಲಿಸಿದ್ದರೆ ರೂಟರ್ ಬದಲಾಯಿಸಲೇಬೇಕು. ನನ್ನದಕ್ಕೆ ಕೊನೆಯ ಫರ್ಮ್‌ವೇರ್ ಬಂದು ಆರು ವರ್ಷವಾಗಿತ್ತು. ಪರಿಚಯದವರೊಬ್ಬರು ‘ಚೆನ್ನಾಗೇ ಇದೆಯಲ್ಲ, ನಮಗೆ ಕೊಡಿ’ ಅಂದರು. ಆ ಸೆಮಿಕೋಲನ್ ತೋರಿಸಿದೆ, ರೂಟರ್ ಕೊಡಲಿಲ್ಲ.