ಎರಡು ಸಿರಿಂಜ್, ಒಂದು ಮೋಟು ಸೂಜಿ: ನಾನು ಕ್ಯೂಬಿಕ್ ಫೇಸ್ ಮಾಡಿದ ಬಗೆ

ಮೋನೋಓಲಿನ್ ಒಂದು ಲಿಪಿಡ್, ಅಂದರೆ ಕೊಬ್ಬಿನಂಥ ವಸ್ತು. ನೀರಿನ ಜೊತೆ ಸರಿಯಾಗಿ ಬೆರೆತರೆ ಅದರ ಪದರ ಮೂರೂ ದಿಕ್ಕಿಗೆ ಒಂದೇ ಥರ ಹೆಣೆದುಕೊಂಡು ಬಿಗಿ ಜೆಲ್ ಆಗುತ್ತದೆ. ಈ ಜೋಡಣೆಯೇ ಕ್ಯೂಬಿಕ್ ಫೇಸ್. ಕೈಯಲ್ಲಿ ಮಾಡಿದ ಮೋನೋಓಲಿನ್ ಜೆಲ್ ತೋರಿಸಿ ಇದು ಕ್ಯೂಬಿಕ್ ಅಂದಾಗ ಲ್ಯಾಬಿನಲ್ಲಿ ಯಾರೂ ನಂಬಲಿಲ್ಲ. ಕೊನೆಗೆ ಒಳಗಿನ ಜೋಡಣೆ ತೋರಿಸುವ ಎಕ್ಸ್-ರೇ ಸ್ಕ್ಯಾಟರಿಂಗ್ ಮಾಡಿಸಿದೆ. ಮೊದಲ ಎರಡು ಪೀಕ್‌ಗಳ ಸ್ಥಾನಗಳ ಅನುಪಾತ ಹೆಚ್ಚುಕಮ್ಮಿ 1.22. ಅಂದರೆ ಡೈಮಂಡ್ ಕ್ಯೂಬಿಕ್. 1.15ರ ಹತ್ತಿರ ಬಂದಿದ್ದರೆ ಗೈರಾಯ್ಡ್ ಎಂಬ ಇನ್ನೊಂದು ಕ್ಯೂಬಿಕ್ ಬಗೆ. ಈಗ ಎಲ್ಲರೂ ಸುಮ್ಮನಾಗಿದ್ದಾರೆ.

ಸಾಮಾನ್ಯ ದಾರಿ ಎಂದರೆ ಲಿಪಿಡ್, ನೀರು ಎರಡನ್ನೂ ವಯಲ್‌ನಲ್ಲಿ, ಅಂದರೆ ಸಣ್ಣ ಶೀಶೆಯಲ್ಲಿ, ಬಿಸಿ ಮಾಡಿ ಕುಲುಕುವುದು. ನನಗಂತೂ ಅದು ಕೈಕೊಟ್ಟಿತು. ಲಿಪಿಡ್‌ಗೆ ನೀರು ತಾಗಿದ ಕಡೆಯೇ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ನೀರು ಒಳಗೆ ಇಳಿಯುವುದೇ ಕಷ್ಟ. ಸೆಂಟ್ರಿಫ್ಯೂಜ್‌ನಲ್ಲಿ ಮೇಲೆಕೆಳಗೆ ಮಾಡಿ ತಿರುಗಿಸಿದೆ. ವಾರಗಟ್ಟಲೆ ಹಾಗೇ ಬಿಟ್ಟೆ. ಆದರೂ ಪೋಲರೈಸರ್ (ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವ ಹಾಳೆ) ಕೆಳಗೆ ಲ್ಯಾಮೆಲ್ಲಾರ್‌ನ, ಅಂದರೆ ಚಪ್ಪಟೆ ಪದರಗಳ ಜೋಡಣೆಯ, ಹೊಳೆಯುವ ಗೆರೆಗಳು ಹೋಗಲಿಲ್ಲ.

ದುಡ್ಡು ಹೋದದ್ದು ಲಿಪಿಡ್‌ಗೆ. ಅಗ್ಗದ ಗ್ರೇಡ್‌ನಲ್ಲಿ ಡೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು ಬೆರೆತಿರುತ್ತದೆ, ಅದು ಫೇಸನ್ನು ಹೆಕ್ಸಾಗೋನಲ್ (ಕೊಳವೆಗಳ ಜೋಡಣೆ) ಕಡೆಗೆ ಎಳೆಯುತ್ತದೆ. ಶುದ್ಧವಾದದ್ದಕ್ಕೆ ಎಷ್ಟೋ ಪಟ್ಟು ಬೆಲೆ. ಹಾಗಾಗಿ ಕೈ ಪಳಗಿಸಲು ಅಗ್ಗದ್ದು, ಅಳತೆಗೆ ಮಾತ್ರ ಶುದ್ಧವಾದದ್ದು. ಸಿರಿಂಜ್‌ನಲ್ಲಿ ಮಾತ್ರ ಜಿಪುಣತನ ಬೇಡ. ಪ್ಲಾಸ್ಟಿಕ್‌ನದಕ್ಕೆ ಒಳಗೆ ಸಿಲಿಕೋನ್ ಎಣ್ಣೆ ಸವರಿರುತ್ತದೆ. ಗಾಳಿ ಸೋರದ ಗಾಜಿನದೇ ತೆಗೆದುಕೊಳ್ಳಿ.

ಲಿಪಿಡನ್ನು 40 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿ ಒಂದು ಸಿರಿಂಜ್‌ಗೆ, ನೀರು ಇನ್ನೊಂದಕ್ಕೆ. ತೂಕದಲ್ಲಿ ಲಿಪಿಡ್ ಸುಮಾರು 60, ನೀರು 40. ನಡುವೆ ಸಣ್ಣ ತೂತಿನ ಕಪ್ಲರ್, ಅಂದರೆ ಎರಡನ್ನೂ ಜೋಡಿಸುವ ಮೋಟು ಸೂಜಿ. ಜೋಡಿಸುವ ಮೊದಲು ಸೂಜಿಯ ತುದಿಯಲ್ಲಿ ಲಿಪಿಡ್ ಇಣುಕುವವರೆಗೆ ತಳ್ಳಿ. ಇಲ್ಲದಿದ್ದರೆ ಒಳಗಿನ ಗಾಳಿಯೂ ಸೇರುತ್ತದೆ, 50 ಮಿಲಿಗ್ರಾಂ ಸ್ಯಾಂಪಲ್‌ನಲ್ಲಿ ಒಂದೆರಡು ಮೈಕ್ರೋಲೀಟರ್ ನೀರು ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುತ್ತದೆ. ಆಮೇಲೆ ಅತ್ತಿಂದಿತ್ತ ತಳ್ಳುತ್ತಲೇ ಇರಿ. ಮೊದಲು ಹಾಲಿನಂತೆ ಬಿಳಿ, ಕೈ ನೋವು ಬರುವ ಹೊತ್ತಿಗೆ ಗಾಜಿನಷ್ಟು ತಿಳಿ. ತಳ್ಳುವ ಲಯ ನನ್ನದೇ ಒಂದಿದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಎಕ್ಸ್-ರೇಗೆ ಕಳಿಸುವ ಮುಂಚೆ ನಾನು ನೋಡುವುದು ಎರಡೇ. ಪೋಲರೈಸರ್ ಕೆಳಗೆ ಪೂರ್ತಿ ಕತ್ತಲೆ, ಮುಟ್ಟಿದರೆ ಬಿಗಿ. ಮೈಸೆಲ್ (ಅಣುಗಳ ಪುಟ್ಟ ಉಂಡೆ) ದ್ರಾವಣವೂ ಕತ್ತಲೆಯೇ, ಆದರೆ ಅದು ಹರಿಯುತ್ತದೆ, ಅಲ್ವಾ? ಸಿಕ್ಕಿಬಿದ್ದ ಗಾಳಿಗುಳ್ಳೆಯನ್ನೂ ನೋಡಿ. ಕ್ಯೂಬಿಕ್‌ನಲ್ಲಿ ಅದು ದುಂಡಗಿರದೆ ಮೂಲೆಮೂಲೆಯಾಗಿ ಕಾಣುತ್ತದೆ. ಈ ಗುರುತನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ನಡುವೆ ಸುಮ್ನೆ ಒಂದಿಷ್ಟು ಓಲಿಯಿಕ್ ಆಸಿಡ್ ಸೇರಿಸಿ, ನೀರನ್ನು ಆಮ್ಲೀಯ ಮಾಡಿ ನೋಡಿದೆ. ಕತ್ತಲೆ ಹೋಗಿ ಬೀಸಣಿಗೆಯಂಥ ಹೆಕ್ಸಾಗೋನಲ್ ವಿನ್ಯಾಸ ಬಂತು. ಚಂದವಿತ್ತು, ಉಪಯೋಗ ಇನ್ನೂ ಹೊಳೆದಿಲ್ಲ. ಈಗ ಫೈಟಾನ್‌ಟ್ರಯಾಲ್ ಎಂಬ ಇನ್ನೊಂದು ಲಿಪಿಡ್ ಹಿಡಿದಿದ್ದೇನೆ. ಅದರಲ್ಲಿ ಎಸ್ಟರ್ ಎಂಬ ರಾಸಾಯನಿಕ ಬಂಧ ಇಲ್ಲ, ಮೋನೋಓಲಿನ್‌ನಂತೆ ನೀರಿನಲ್ಲಿ ಒಡೆಯುವ ಭಯವಿಲ್ಲ.

ಮೋನೋಓಲಿನ್ ಜೆಲ್ಲನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. 18 ಡಿಗ್ರಿಗಿಂತ ಕೆಳಗಿಳಿದರೆ ಯಾವಾಗ ಬೇಕಾದರೂ ಬಿಳಿಯಾಗಿ ಹರಳುಗಟ್ಟುತ್ತದೆ. ನನ್ನವು 20ರಲ್ಲಿ ಚೆನ್ನಾಗಿಯೇ ಇವೆ.