ಕಬ್ಬಿಣದ ಕಸೂತಿಗೆ ಮರುಳಾಗಿ ಅರ್ಧ ಕರಡು ಕಸಕ್ಕೆ ಹಾಕಿದ್ದು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನ ಒಂದು ಸಣ್ಣ ಊರು, ರೈಲ್ವೆ ಸ್ಟೇಷನ್ ಎದುರಿನ ಮೂಲೆಯಲ್ಲಿ ಎರಡಂತಸ್ತಿನ ಹಳೇ ಹೋಟೆಲು. ಅಲ್ಲಿ ಹೋಟೆಲೆಂದರೆ ತಿಂಡಿ-ಕಾಫಿಯ ಜಾಗವಲ್ಲ. ಕೆಳಗೆ ಬಾರು, ಮೇಲೆ ತಂಗುವ ಕೋಣೆಗಳು. ಮಾಲೀಕರಿಗೆ ಬಾರ್ ಒಡೆದು ದೊಡ್ಡದು ಮಾಡಬೇಕಿತ್ತು. ಅದಕ್ಕೆ ಮೊದಲು ಆ ಕಟ್ಟಡದ ಪರಂಪರೆಯ ಮಹತ್ವವೇನೆಂದು ಬರೆದುಕೊಡುವ ಕೆಲಸ ನನಗೆ ಬಂತು.

ಮೊದಲ ದಿನವೇ ಮೋಸಹೋದೆ. ಮಹಡಿಯ ವೆರಾಂಡಾದ ಉದ್ದಕ್ಕೂ ಎರಕದ ಕಬ್ಬಿಣದ ಕಸೂತಿ, ಅಂದರೆ ಲೇಸಿನಂಥ ಜಾಲರಿ. ಬೆಳಗಿನ ಬಿಸಿಲಿಗೆ ಅದರ ನೆರಳು ಗೋಡೆಯ ಮೇಲೆ ಬಿದ್ದದ್ದು ನೋಡಿ ಹತ್ತೊಂಬತ್ತನೇ ಶತಮಾನದ ಹೋಟೆಲಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು ಎಂದುಕೊಂಡೆ. ಸಂಜೆಯೊಳಗೆ ಅರ್ಧ ಕರಡು ಅದರ ಮೇಲೆಯೇ ಮುಗಿದಿತ್ತು.

ಆಮೇಲೆ ದಾಖಲೆ ಹುಡುಕಲು ಕೂತೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್'ನಲ್ಲಿ ಹಳೇ ಊರಪತ್ರಿಕೆಗಳು ಸಿಗುತ್ತವೆ: ಲೈಸೆನ್ಸ್ ಕೈಬದಲಾದ ಸುದ್ದಿ, ಹರಾಜಿನ ಜಾಹೀರಾತು, ಹೋಟೆಲಿನಲ್ಲೇ ನಡೆಯುತ್ತಿದ್ದ ಸಾವಿನ ವಿಚಾರಣೆಗಳು. ಆದರೆ ನನ್ನ ಕಣ್ಣು ತೆರೆಸಿದ್ದು ಕ್ಯಾನ್‌ಬೆರಾದ ನೋಯೆಲ್ ಬಟ್ಲಿನ್ ದಾಖಲೆ ಕೇಂದ್ರದಲ್ಲಿರುವ 'ಹಳದಿ ಕಾರ್ಡು'ಗಳು. ಟೂತ್ ಅಂಡ್ ಕೋ ಎಂಬ ಸಿಡ್ನಿಯ ಬಿಯರ್ ಕಂಪನಿ ತನ್ನ ವ್ಯಾಪಾರವಿದ್ದ ಹೋಟೆಲುಗಳಿಗೆ ಕಾರ್ಡು ಇಟ್ಟು, ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಫೋಟೊ ಅಂಟಿಸಿಡುತ್ತಿತ್ತು. ನಮ್ಮ ಹೋಟೆಲಿನ ಒಂದು ಫೋಟೊದಲ್ಲಿ ವೆರಾಂಡಾವೇ ಇಲ್ಲ! ಬೋಳು ಗೋಡೆ, ಮೇಲೊಂದು ತಗಡಿನ ಮಾಡು, ಅಷ್ಟೇ. ಕಾರುಗಳು ಹೆಚ್ಚಾದ ಮೇಲೆ ವೆರಾಂಡಾ ಹೊತ್ತ ರಸ್ತೆಯಂಚಿನ ಕಂಬಗಳು ಅಪಾಯವೆಂದು ಇಪ್ಪತ್ತನೇ ಶತಮಾನದ ನಡುವೆ ಎಷ್ಟೋ ಊರುಗಳಲ್ಲಿ ವೆರಾಂಡಾ ಸಮೇತ ಅವನ್ನು ತೆಗೆಸಿದ್ದರು. ಹಾಗಾದರೆ ನಾನು ಹೊಗಳಿದ ಕಸೂತಿ ಆಮೇಲೆ ಕೂರಿಸಿದ ಪ್ರತಿ. ವಾಪಸ್ ಹೋಗಿ ಏಣಿ ಹತ್ತಿದರೆ, ಹಳೇ ತೊಲೆಗಳನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿದ ಗುರುತು ಹೊಸ ಬಣ್ಣದಡಿ ಹಾಗೇ ಇತ್ತು. ಮೊದಲೇ ಹತ್ತಬೇಕಿತ್ತು.

ಆಗ ಬಾರಿನೊಳಗೆ ಸರಿಯಾಗಿ ನೋಡಿದೆ. ಎದೆಮಟ್ಟದವರೆಗೆ ಗೋಡೆಗೆ ಟೈಲ್ಸ್. ಮೊದಲ ಸಲ ಅದನ್ನು ಕಕ್ಕಸಿನ ಟೈಲ್ಸಿನಂತಿದೆ ಎಂದು ಟಿಪ್ಪಣಿಯಲ್ಲೂ ಬರೆಯದೆ ಬಿಟ್ಟಿದ್ದೆ. ಈ ರಾಜ್ಯದಲ್ಲಿ 1916ರಿಂದ 1955ರವರೆಗೆ ಬಾರುಗಳು ಸಂಜೆ ಆರಕ್ಕೇ ಮುಚ್ಚಬೇಕಿತ್ತು. ಐದಕ್ಕೆ ಕೆಲಸ ಬಿಟ್ಟವರಿಗೆ ಕುಡಿಯಲು ಉಳಿದದ್ದು ಒಂದೇ ಗಂಟೆ. ನೂಕುನುಗ್ಗಲಿನಲ್ಲಿ ಮೇಜು-ಕುರ್ಚಿಗೆ ಜಾಗವಿರಲಿಲ್ಲ. ಕೌಂಟರ್ ಉದ್ದವಾಯಿತು, ಗೋಡೆ ಪೈಪಿನ ನೀರಲ್ಲಿ ತೊಳೆಯುವಂತಾಯಿತು. ಇಲ್ಲಿ ಎರಡು ಕೋಣೆ ಒಂದಾದದ್ದು ಚಾವಣಿಯಲ್ಲಿ ಕಾಣುತ್ತಿತ್ತು: ಅರ್ಧದಲ್ಲಿ ಹಲಗೆಗಳ ದಿಕ್ಕೇ ಬದಲಾಗಿತ್ತು.

ಪಕ್ಕದ ಬೀದಿಯಿಂದ ಬೇರೆ ಬಾಗಿಲು, ಅದರಾಚೆ ಹೆಂಗಸರ ಪಾರ್ಲರ್, ಅಂದರೆ ಅವರು ಕೂತು ಕುಡಿಯುವ ಕೋಣೆ. ಬಾರಿನಿಂದ ಅದಕ್ಕೆ ಗ್ಲಾಸು ದಾಟಿಸಲು ಗೋಡೆಯಲ್ಲಿ ಒಂದು ಕಿಂಡಿ. ಹೆಂಗಸರಿಗೆ ದೊಡ್ಡ ಬಾರಿಗೆ ಪ್ರವೇಶವಿಲ್ಲದ ಕಾಲ ಅದು. ನೆರೆಯ ಕ್ವೀನ್ಸ್‌ಲ್ಯಾಂಡಿನಲ್ಲಿ 1965ರಲ್ಲಿ ಇಬ್ಬರು ಮಹಿಳೆಯರು ಬ್ರಿಸ್ಬೇನಿನ ರೆಗಾಟಾ ಹೋಟೆಲಿನ ಬಾರಿಗೆ ತಮ್ಮನ್ನು ಸರಪಳಿಯಲ್ಲಿ ಬಿಗಿದುಕೊಂಡು ಪ್ರತಿಭಟಿಸಬೇಕಾಯಿತು. ಮಾಲೀಕರ ನಕ್ಷೆಯಲ್ಲಿ ಒಡೆಯಬೇಕೆಂದು ಕೆಂಪು ಗೆರೆ ಎಳೆದಿದ್ದುದು ಸರಿಯಾಗಿ ಈ ಕಿಂಡಿಯ ಗೋಡೆಗೇ.

ಪರಂಪರೆಯ ಮಹತ್ವ ಅಳೆಯಲು ರಾಜ್ಯದ ಪದ್ಧತಿಯಲ್ಲಿ ಏಳು ಮಾನದಂಡಗಳಿವೆ: ಇತಿಹಾಸ, ವ್ಯಕ್ತಿಗಳ ನಂಟು, ಸೌಂದರ್ಯ, ಜನರ ಭಾವನೆ, ಸಂಶೋಧನೆ, ಅಪರೂಪತೆ, ಮಾದರಿತನ (ತನ್ನ ಬಗೆಯ ಕಟ್ಟಡಗಳನ್ನು ಪ್ರತಿನಿಧಿಸುವ ಗುಣ). ಏಳಕ್ಕೂ ಏನಾದರೊಂದು ತುಂಬುವ ಚಟ ನನಗೂ ಇತ್ತು. ಈ ಸಲ ಸಂಶೋಧನೆ ಮತ್ತು ವ್ಯಕ್ತಿಗಳ ನಂಟಿಗೆ 'ಅನ್ವಯಿಸದು' ಎಂದು ಬರೆದೆ. ಜನರ ಭಾವನೆಗೆ ಮಾತ್ರ ದಾಖಲೆ ಸಾಲದು. ಮೂರು ಸಂಜೆ ಬಾರಿನಲ್ಲಿ ಕೂತು ಕೇಳಿದೆ. ವೆರಾಂಡಾದ ಸುದ್ದಿ ಯಾರೂ ಎತ್ತಲಿಲ್ಲ. ಕಾಳ್ಗಿಚ್ಚಿನ ದಿನಗಳಲ್ಲಿ ಊರೆಲ್ಲ ಅಲ್ಲಿ ಸೇರಿದ್ದನ್ನು, ಅಮ್ಮಂದಿರು ಕಿಂಡಿಯಲ್ಲಿ ಕೈ ಚಾಚಿ ಶೆರ್ರಿ ವೈನ್ ತೆಗೆದುಕೊಳ್ಳುತ್ತಿದ್ದುದನ್ನು ಹೇಳಿದರು.

ವರದಿಯಲ್ಲಿ ಟೈಲ್ಸಿನ ಗೋಡೆ, ಕಿಂಡಿ, ಪಾರ್ಲರಿಗೆ ಹೆಚ್ಚಿನ ಮಹತ್ವ ಕೊಟ್ಟೆ, ವೆರಾಂಡಾಕ್ಕೆ ಮಧ್ಯಮ. ಮಾಲೀಕರಿಗೆ ಸಿಟ್ಟು ಬಂತು: ಟೈಲ್ಸ್ ನೋಡಲು ಯಾರು ಕಾರು ನಿಲ್ಲಿಸುತ್ತಾರೆ? ಅವರ ಮಾತಿನಲ್ಲೂ ಅರ್ಥವಿತ್ತು. ಕೊನೆಗೆ ವಿಸ್ತರಣೆಯನ್ನು ಹಿಂದಿನ ಅಂಗಳಕ್ಕೆ, ಹಿಂದೆ ಕುದುರೆ ಲಾಯವಿದ್ದ ಖಾಲಿ ಜಾಗಕ್ಕೆ ಸರಿಸಿದ ಹೊಸ ನಕ್ಷೆ ಬಂತು. ಕಿಂಡಿ ಉಳಿಯಿತು. ಈಗ ಅದರ ಆಚೆ ಬದಿಯಲ್ಲಿ ಕಾಫಿ ಯಂತ್ರ ಇಟ್ಟಿದ್ದಾರೆ.